ಬ್ಯಾಟರಿಯ ಹಣೆಬರಹ ಬರೆಯುವ ಕಂಪೈಲರ್

ಅಹಮದಾಬಾದಿನ ಪಶ್ಚಿಮಕ್ಕೆ ಸ್ಯಾಟಲೈಟ್ ಎಂಬ ಬಡಾವಣೆ ಇದೆ. ಶಿವರಂಜನಿ ಚಾರ್ ರಸ್ತಾದಿಂದ ಜೋಧಪುರ ಚಾರ್ ರಸ್ತಾದ ಕಡೆಗೆ ಹೋಗುವ ರಸ್ತೆಯ ಎರಡೂ ಬದಿಯಲ್ಲಿ ಈಗ ಅಪಾರ್ಟ್‌ಮೆಂಟುಗಳು, ಆಸ್ಪತ್ರೆಗಳು, ಒಡವೆ ಅಂಗಡಿಗಳು. ಬಡಾವಣೆಗೆ ಈ ಹೆಸರು ಬಂದದ್ದು ಇಸ್ರೊದಿಂದ. 1967ರಲ್ಲಿ ವಿಕ್ರಮ್ ಸಾರಾಭಾಯಿ ಅವರ ಮುಂದಾಳತ್ವದಲ್ಲಿ ಅಹಮದಾಬಾದಿನಲ್ಲಿ ಉಪಗ್ರಹ ಸಂಪರ್ಕದ ಪ್ರಾಯೋಗಿಕ ಭೂಕೇಂದ್ರ ತಲೆಯೆತ್ತಿತು. 1972ರಲ್ಲಿ ಬಾಹ್ಯಾಕಾಶ ಅನ್ವಯಿಕೆಗಳ ಕೇಂದ್ರ ರೂಪುಗೊಂಡಿತು. ಅದನ್ನು ಎಲ್ಲರೂ ಕರೆಯುವುದು ಸ್ಯಾಕ್ ಎಂದು.

ಕನ್ನಡ ನಾಡಿಗೂ ಈ ಜಾಗಕ್ಕೂ ಹಳೆಯ ನಂಟು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ನಡೆದ ಸೈಟ್ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ತಲುಪಿತು. ವಿಜಯಪುರ, ಕಲಬುರಗಿ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಕಾರ್ಯಕ್ರಮಗಳು ಕನ್ನಡದಲ್ಲೂ ಬರುತ್ತಿದ್ದವು. ಹಾಸನ ಜಿಲ್ಲೆಯ ಆಲೂರಿನಲ್ಲಿ ಹುಟ್ಟಿದ ಎ.ಎಸ್. ಕಿರಣ್ ಕುಮಾರ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದು ಮುಗಿಸಿ ಅದೇ 1975ರಲ್ಲಿ ಸ್ಯಾಕ್ ಸೇರಿದರು. ಭಾಸ್ಕರ ಉಪಗ್ರಹದ ಟಿ.ವಿ. ಕ್ಯಾಮೆರಾದಿಂದ ಶುರುವಾದ ಅವರ ಕೆಲಸ ಸ್ಯಾಕ್‌ನ ನಿರ್ದೇಶಕ ಹುದ್ದೆ ದಾಟಿ, 2015ರಲ್ಲಿ ಇಸ್ರೊ ಅಧ್ಯಕ್ಷ ಪದವಿಯವರೆಗೆ ಬೆಳೆಯಿತು.

ಸ್ಯಾಕ್ ತಯಾರಿಸುವ ಉಪಕರಣಗಳಿಗೆಲ್ಲ ಒಂದು ಕಟ್ಟಳೆ ಸಾಮಾನ್ಯ. ಮೇಲೆ ಹೋದ ಮೇಲೆ ಪ್ಲಗ್ ಪಾಯಿಂಟ್ ಇಲ್ಲ. 2013ರ ನವೆಂಬರ್ 5ರಂದು ಹೊರಟ ಮಂಗಳಯಾನದಲ್ಲಿ ಐದು ವೈಜ್ಞಾನಿಕ ಉಪಕರಣಗಳಿದ್ದವು, ಎಲ್ಲ ಸೇರಿ ತೂಕ ಸುಮಾರು 15 ಕಿಲೊ. ಮೂರು ಸ್ಯಾಕ್‌ನವು. ಮಂಗಳದ ಕಕ್ಷೆಯಲ್ಲಿ ಸೌರಫಲಕಗಳಿಂದ ಸಿಗುತ್ತಿದ್ದದ್ದು 840 ವ್ಯಾಟ್. ರೇಡಿಯೊ, ಹೀಟರ್, ಕಂಪ್ಯೂಟರ್, ಕ್ಯಾಮೆರಾ ಎಲ್ಲವೂ ಅಷ್ಟರೊಳಗೇ ಬಾಳಬೇಕು. ಅದರ ಬ್ಯಾಟರಿಯನ್ನು ಕಟ್ಟಿದ್ದು ಒಂದು ಗಂಟೆ ನಲವತ್ತು ನಿಮಿಷದ ಗ್ರಹಣ ತಡೆದುಕೊಳ್ಳಲು. 2022ರ ಏಪ್ರಿಲ್‌ನ ದೀರ್ಘ ಗ್ರಹಣದಲ್ಲಿ ನೌಕೆಯ ಸಂಪರ್ಕ ಕಡಿಯಿತು. ಚಂದ್ರಯಾನ-3ರ ಪ್ರಜ್ಞಾನ್ ರೋವರ್‌ಗಂತೂ ಇದ್ದದ್ದು 50 ವ್ಯಾಟ್ ಮಾತ್ರ.

ಇಂಥ ಕಡೆ ಒಂದೊಂದು ವ್ಯಾಟನ್ನೂ ಲೆಕ್ಕ ಹಾಕುತ್ತಾರೆ. ಆದರೆ ನಮ್ಮ ಸುತ್ತ ಬ್ಯಾಟರಿಯ ಮೇಲೆ ಬದುಕುವ ಕೋಟ್ಯಂತರ ಪುಟ್ಟ ಚಿಪ್‌ಗಳ ವಿಷಯದಲ್ಲಿ ಆ ಲೆಕ್ಕ ಹಾರ್ಡ್‌ವೇರ್‌ನವರ ಮೇಜಿನಲ್ಲೇ ನಿಂತುಬಿಡುತ್ತದೆ. ಚಿಪ್‌ನ ದತ್ತಾಂಶ ಪುಟದಲ್ಲಿ ಇಷ್ಟು ಮಿಲಿಆಂಪ್ ಎಂದು ಬರೆದಿರುತ್ತದೆ, ಪ್ರೋಗ್ರಾಂ ಬರೆಯುವವರು ಅದನ್ನು ವಿಧಿಲಿಖಿತ ಎಂದು ಒಪ್ಪಿಕೊಳ್ಳುತ್ತಾರೆ. ಅದು ಹಾಗಲ್ಲ. ಅದೇ ಚಿಪ್, ಅದೇ ಕೆಲಸ, ಅದೇ ಬ್ಯಾಟರಿ ಇದ್ದರೂ ಅದು ಎಷ್ಟು ದಿನ ಬರುತ್ತದೆ ಎಂಬುದನ್ನು ಕಂಪೈಲರ್ ಹೆಚ್ಚುಕಡಿಮೆ ಮಾಡಬಲ್ಲದು. ನಾವು ಸಿ ಭಾಷೆಯಲ್ಲಿ ಬರೆದದ್ದನ್ನು ಚಿಪ್‌ನ ಆದೇಶಗಳಾಗಿ ಮಾರ್ಪಡಿಸುವ ಈ ಸಾಫ್ಟ್‌ವೇರ್ ಒಂದೇ ಮಾತನ್ನು ನೂರು ಬಗೆಯಲ್ಲಿ ಹೇಳಬಲ್ಲದು. ನೂರಕ್ಕೂ ಉತ್ತರ ಒಂದೇ ಆದರೂ ಕರೆಂಟಿನ ಖರ್ಚು ಒಂದೇ ಅಲ್ಲ.

ಕಿವಿಗೆ ಹಾಕಿಕೊಳ್ಳುವ ಶ್ರವಣ ಸಾಧನವನ್ನು ತೆಗೆದುಕೊಳ್ಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಬರುವ ಹಿರಿಯರನ್ನು ಕೇಳಿದರೆ ಗೊತ್ತಾಗುತ್ತದೆ, ಗುಂಡಿಯಷ್ಟು ಗಾತ್ರದ ಆ ಬ್ಯಾಟರಿ ಹೆಚ್ಚುಕಡಿಮೆ ಒಂದು ವಾರ ಬರುತ್ತದೆ. ಮೊಬೈಲ್‌ನಂತೆ ಈ ಯಂತ್ರಕ್ಕೆ ವಿರಾಮವಿಲ್ಲ. ಯಾರು ಮಾತಾಡಲಿ ಬಿಡಲಿ, ಶಬ್ದವನ್ನು ಅಳೆಯುತ್ತಲೇ, ಸೋಸುತ್ತಲೇ ಇರಬೇಕು. ಸೆಕೆಂಡಿಗೆ 16,000 ಬಾರಿ ಶಬ್ದದ ಮಾದರಿ ತೆಗೆದು, ಪ್ರತಿ ಮಾದರಿಗೂ 64 ಗುಣಾಂಕಗಳ ಸೋಸುಗ ಓಡಿಸುತ್ತದೆ ಎಂದಿಟ್ಟುಕೊಳ್ಳೋಣ. ಸೆಕೆಂಡಿಗೆ 10,24,000 ಗುಣಾಕಾರ, ಅಷ್ಟೇ ಸಂಕಲನ.

ಈ ಸೋಸುಗವನ್ನು ಸಿ ಭಾಷೆಯಲ್ಲಿ ಬರೆದರೆ ನಾಲ್ಕು ಸಾಲು. ಒಂದು ಲೂಪ್, ಅದರೊಳಗೆ ‘ಮೊತ್ತಕ್ಕೆ ಮಾದರಿ ಗುಣಿಸು ಗುಣಾಂಕವನ್ನು ಕೂಡಿಸು’ ಎಂಬ ಒಂದು ಸಾಲು. ಆಪ್ಟಿಮೈಸೇಷನ್, ಅಂದರೆ ಕೋಡನ್ನು ಚುರುಕುಗೊಳಿಸುವ ಕೆಲಸ, ಇಲ್ಲದೆ ಕಂಪೈಲ್ ಮಾಡಿದರೆ ಪ್ರತಿ ಸುತ್ತಿನಲ್ಲೂ ಚಿಪ್ ಮೊತ್ತವನ್ನು ಮೆಮೊರಿಯಿಂದ ಓದಿ, ಕೂಡಿಸಿ, ಮತ್ತೆ ಮೆಮೊರಿಗೇ ಬರೆಯುತ್ತದೆ. ಮರುಕ್ಷಣ ಅದನ್ನೇ ಮತ್ತೆ ಓದುತ್ತದೆ. ಒಳ್ಳೆಯ ಕಂಪೈಲರ್ ಆ ಮೊತ್ತವನ್ನು ಪ್ರೊಸೆಸರ್‌ನೊಳಗೇ ಇರುವ ರಿಜಿಸ್ಟರ್‌ನಲ್ಲಿ ಕೂರಿಸಿ, 64 ಸುತ್ತು ಮುಗಿದ ಮೇಲೆ ಒಮ್ಮೆ ಮಾತ್ರ ಮೆಮೊರಿಗೆ ಬರೆಯುತ್ತದೆ. ವ್ಯತ್ಯಾಸ ಸೆಕೆಂಡಿಗೆ ಸುಮಾರು ಇಪ್ಪತ್ತು ಲಕ್ಷ ಮೆಮೊರಿ ಓಡಾಟ. ದಿನಕ್ಕೆ ಹದಿನಾರು ಗಂಟೆ ಕಿವಿಯಲ್ಲಿದ್ದರೆ ಸುಮಾರು 11,800 ಕೋಟಿ ಬಾರಿ ಮಾಡುವ ವ್ಯರ್ಥ ಕೆಲಸ. ಶ್ರವಣ ಸಾಧನಗಳಲ್ಲಿ ಇದಕ್ಕೆಂದೇ ರೂಪಿಸಿದ ಡಿಎಸ್‌ಪಿ ಚಿಪ್‌ಗಳಿರುತ್ತವೆ, ಅಲ್ಲಿ ಇಷ್ಟು ಒರಟು ಕೋಡ್ ಯಾರೂ ಹಾಕುವುದಿಲ್ಲ. ಆದರೆ ಅಗ್ಗದ ಮೈಕ್ರೊಕಂಟ್ರೋಲರ್ ಹಾಕಿ ತರಾತುರಿಯಲ್ಲಿ ಮಾರುಕಟ್ಟೆಗೆ ಬರುವ ಎಷ್ಟೋ ಉಪಕರಣಗಳು ಇದೇ ಸ್ಥಿತಿಯಲ್ಲಿ ಓಡುತ್ತಿವೆ.

ಮೆಮೊರಿ ಓಡಾಟ ಅಷ್ಟು ದುಬಾರಿಯೇ? ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಹೊರೊವಿಟ್ಜ್ 2014ರಲ್ಲಿ ಚಿಪ್ ವಿನ್ಯಾಸಕಾರರ ದೊಡ್ಡ ಸಮ್ಮೇಳನವೊಂದರಲ್ಲಿ 45 ನ್ಯಾನೊಮೀಟರ್ ತಂತ್ರಜ್ಞಾನದ ಅಂದಾಜುಗಳನ್ನು ಮುಂದಿಟ್ಟರು. 32 ಬಿಟ್‌ನ ಎರಡು ಪೂರ್ಣಾಂಕ ಕೂಡಿಸಲು 0.1 ಪಿಕೋಜೂಲ್ ಸಾಕು. ಪಿಕೋಜೂಲ್ ಎಂದರೆ ಒಂದು ಜೂಲ್‌ನ ಲಕ್ಷ ಕೋಟಿಯಲ್ಲೊಂದು ಭಾಗ. ಚಿಪ್‌ನೊಳಗಿನ 8 ಕಿಲೊಬೈಟ್‌ನ ಪುಟ್ಟ ಮೆಮೊರಿಯಾದ ಕ್ಯಾಶ್ ಓದಲು 10 ಪಿಕೋಜೂಲ್ ಬೇಕು, ಚಿಪ್‌ನ ಹೊರಗಿನ ಡಿರ್‍ಯಾಮ್ ಮೆಮೊರಿ ಮುಟ್ಟಿದರೆ 1300ರಿಂದ 2600. ಒಂದು ಆದೇಶವನ್ನು ತಂದು, ಅರ್ಥ ಮಾಡಿಕೊಂಡು, ನಿಭಾಯಿಸುವ ಒಟ್ಟು ಖರ್ಚು ಸುಮಾರು 70 ಪಿಕೋಜೂಲ್. ಅಂದರೆ ಲೆಕ್ಕ ಮಾಡುವುದಕ್ಕಿಂತ ಲೆಕ್ಕದ ಸರಕನ್ನು ಹೊತ್ತು ತರುವುದಕ್ಕೇ ಬ್ಯಾಟರಿ ಖರ್ಚಾಗುತ್ತದೆ. ಕಂಪೈಲರ್‌ನ ಶಕ್ತಿ ಉಳಿತಾಯದ ಮುಕ್ಕಾಲು ಪಾಲು ಈ ಒಂದು ಸತ್ಯದ ಮೇಲೆ ನಿಂತಿದೆ ಎಂದರೆ ತಪ್ಪಾಗದು.

ಇದನ್ನು ಮೊದಲು ಮೀಟರ್ ಹಿಡಿದು ತೋರಿಸಿದವರು ಪ್ರಿನ್ಸ್‌ಟನ್‌ನ ವಿವೇಕ್ ತಿವಾರಿ, ಶರದ್ ಮಲಿಕ್ ಮತ್ತು ಆಂಡ್ರ್ಯೂ ವುಲ್ಫ್. ಅವರ 1994ರ ಪ್ರಬಂಧ ಈ ವಿದ್ಯೆಯ ಅಡಿಗಲ್ಲು. ಇಂಟೆಲ್‌ನ 486 ಪ್ರೊಸೆಸರ್‌ಗೆ ಆಮ್ಮೀಟರ್ ಜೋಡಿಸಿ, ಒಂದೇ ಆದೇಶವನ್ನು ಲೂಪ್‌ನಲ್ಲಿ ಮತ್ತೆ ಮತ್ತೆ ಓಡಿಸಿ, ಅದು ಎಳೆಯುವ ಕರೆಂಟನ್ನು ಬರೆದುಕೊಂಡರು. ರಿಜಿಸ್ಟರ್‌ನಿಂದ ರಿಜಿಸ್ಟರ್‌ಗೆ ಮೌಲ್ಯ ಸಾಗಿಸುವ ಆದೇಶಕ್ಕೆ ಸುಮಾರು 300 ಮಿಲಿಆಂಪ್. ಅದೇ ಮೌಲ್ಯವನ್ನು ಮೆಮೊರಿಯಿಂದ ಓದಿದರೆ ಸುಮಾರು 430. ಅಲ್ಲಿಯವರೆಗೆ ವಿದ್ಯುತ್ ಬಳಕೆ ಸರ್ಕ್ಯೂಟ್ ವಿನ್ಯಾಸಕಾರರ ತಲೆನೋವಾಗಿತ್ತು. ಅದು ಪ್ರೋಗ್ರಾಂ ಬರೆಯುವವರ ಹೊಣೆಯೂ ಹೌದು ಎಂದು ಈ ಅಳತೆಗಳು ಸಾಬೀತು ಮಾಡಿದವು. ಕೆಲಸ ಎಷ್ಟು ಸರಳ ನೋಡಿ. ಬೇಕಾದದ್ದು ಒಂದು ಮೀಟರ್, ಒಂದು ಲೂಪ್ ಮತ್ತು ತಾಳ್ಮೆ.

ಇನ್ನು ಹುಬ್ಬಳ್ಳಿಗೆ ಬರೋಣ. ಈ ವಿಷಯದಲ್ಲಿ ಜಗತ್ತಿನಾದ್ಯಂತ ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧಗಳಲ್ಲೊಂದು 2002ರದು. ಅದರ ಮೊದಲ ಹೆಸರು ರಾಜೇಶ್ವರಿ ಬಣಕಾರ. ಅವರು ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜಿನ, ಅಂದರೆ ಇಂದಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದ ಅಧ್ಯಾಪಕಿಯಾಗಿದ್ದವರು. ದೆಹಲಿಯ ಐಐಟಿಯಲ್ಲಿ ಎಂ. ಬಾಲಕೃಷ್ಣನ್ ಅವರ ಜೊತೆ ಸಂಶೋಧನೆ ನಡೆಸಿದವರು. ಜರ್ಮನಿಯ ಡಾರ್ಟ್‌ಮಂಡ್ ವಿಶ್ವವಿದ್ಯಾಲಯದ ಪೀಟರ್ ಮಾರ್ವೆಡೆಲ್ ಮತ್ತು ಅವರ ತಂಡ ಕೈಜೋಡಿಸಿತ್ತು. ಪ್ರಬಂಧದ ಪ್ರಶ್ನೆ ಒಂದೇ: ಪುಟ್ಟ ಉಪಕರಣದ ಚಿಪ್‌ನಲ್ಲಿ ಕ್ಯಾಶ್ ಬದಲು ಸ್ಕ್ರಾಚ್‌ಪ್ಯಾಡ್ ಮೆಮೊರಿ ಇಟ್ಟರೆ ಏನಾಗುತ್ತದೆ?

ಅಡುಗೆಮನೆಯನ್ನು ನೆನೆಸಿಕೊಳ್ಳಿ. ದೊಡ್ಡ ಮೆಮೊರಿ ಎಂದರೆ ಅಟ್ಟದ ಮೇಲಿನ ಡಬ್ಬಗಳು. ಸ್ಕ್ರಾಚ್‌ಪ್ಯಾಡ್ ಎಂದರೆ ಒಲೆಯ ಪಕ್ಕದ ಒಗ್ಗರಣೆ ಡಬ್ಬಿ. ಯಾವ ಬಟ್ಟಲಲ್ಲಿ ಸಾಸಿವೆ, ಯಾವುದರಲ್ಲಿ ಜೀರಿಗೆ ಎಂಬುದು ಅಡುಗೆ ಮಾಡುವವಳಿಗೆ ಮೊದಲೇ ಗೊತ್ತು, ಕೈ ನೇರ ಅಲ್ಲಿಗೇ ಹೋಗುತ್ತದೆ. ಕ್ಯಾಶ್ ಕೂಡ ಒಲೆಯ ಪಕ್ಕವೇ ಇರುವ ಡಬ್ಬಿ. ಆದರೆ ಅದರೊಳಗೆ ಏನು ಎಲ್ಲಿದೆ ಎಂಬುದು ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಆದ್ದರಿಂದ ಪ್ರತಿ ಸಲವೂ ಬಟ್ಟಲುಗಳ ಮೇಲಿನ ಚೀಟಿ ಓದಿ ನೋಡಬೇಕು.

ಆ ಚೀಟಿ ಓದುವುದೇ ಖರ್ಚು. ಕ್ಯಾಶ್‌ನಲ್ಲಿ ಪ್ರತಿ ದತ್ತಾಂಶದ ಜೊತೆಗೂ ಅದು ಯಾವ ವಿಳಾಸದ್ದು ಎಂಬ ಗುರುತು, ಅಂದರೆ ಟ್ಯಾಗ್ ಇರುತ್ತದೆ. ಒಂದು ಮೌಲ್ಯ ಕೇಳಿದಾಗ ಹಲವು ಕಡೆಯ ಟ್ಯಾಗ್‌ಗಳನ್ನು, ಬಹಳಷ್ಟು ಕ್ಯಾಶ್‌ಗಳಲ್ಲಿ ದತ್ತಾಂಶಗಳನ್ನೂ, ಏಕಕಾಲಕ್ಕೆ ಓದಿ ಹೋಲಿಸಿ ಒಂದನ್ನು ಆರಿಸಿ ಉಳಿದದ್ದನ್ನು ಎಸೆಯಲಾಗುತ್ತದೆ. ಸ್ಕ್ರಾಚ್‌ಪ್ಯಾಡ್‌ನಲ್ಲಿ ಟ್ಯಾಗ್ ಇಲ್ಲ, ಹೋಲಿಕೆ ಇಲ್ಲ, ಎಸೆಯುವುದೂ ಇಲ್ಲ. ಎಟಿ91ಎಂ40400 ಎಂಬ ಎಆರ್‌ಎಂ ಚಿಪ್ ಇಟ್ಟುಕೊಂಡು ಬಣಕಾರ ಮತ್ತು ಸಂಗಡಿಗರು ಮಾಡಿದ ಲೆಕ್ಕದಲ್ಲಿ, ಕ್ಯಾಶ್‌ಗೆ ಹೋಲಿಸಿದರೆ ಸ್ಕ್ರಾಚ್‌ಪ್ಯಾಡ್‌ನಿಂದ ಶಕ್ತಿಯ ಬಳಕೆ ಸರಾಸರಿ ಶೇಕಡ 40 ಇಳಿಯಿತು. ಚಿಪ್‌ನಲ್ಲಿ ಹಿಡಿಯುವ ಜಾಗ ಮತ್ತು ತಗಲುವ ಸಮಯದ ಗುಣಲಬ್ಧ ಸರಾಸರಿ ಶೇಕಡ 46 ಕಡಿಮೆಯಾಯಿತು.

ಇಲ್ಲಿ ಗಮನಿಸಬೇಕಾದದ್ದು ಕಂಪೈಲರ್‌ನ ಹೊಸ ಜವಾಬ್ದಾರಿ. ಕ್ಯಾಶ್ ತನ್ನನ್ನು ತಾನೇ ತುಂಬಿಕೊಳ್ಳುತ್ತದೆ, ಸ್ಕ್ರಾಚ್‌ಪ್ಯಾಡನ್ನು ಯಾರಾದರೂ ತುಂಬಬೇಕು. ಏನನ್ನು ಅಲ್ಲಿಡಬೇಕು ಎಂದು ಕಂಪೈಲರ್ ಮೊದಲೇ ತೀರ್ಮಾನಿಸುತ್ತದೆ. ಪ್ರೋಗ್ರಾಮಿನ ಯಾವ ಭಾಗ ಎಷ್ಟು ಬಾರಿ ಓಡುತ್ತದೆ, ಯಾವ ಪಟ್ಟಿಯನ್ನು ಎಷ್ಟು ಬಾರಿ ಓದುತ್ತದೆ ಎಂದು ಎಣಿಸಿ, ಪ್ರತಿಯೊಂದಕ್ಕೂ ಎಷ್ಟು ಜಾಗ ಬೇಕು, ಎಷ್ಟು ಉಳಿತಾಯ ಎಂದು ತೂಗುತ್ತದೆ. ನಮ್ಮ ಶ್ರವಣ ಸಾಧನದಲ್ಲಿ 64 ಗುಣಾಂಕಗಳಿಗೆ 256 ಬೈಟ್, ಇತ್ತೀಚಿನ 64 ಮಾದರಿಗಳಿಗೆ 256 ಬೈಟ್, ಲೂಪ್‌ನ ಆದೇಶಗಳಿಗೆ ನೂರಿನ್ನೂರು ಬೈಟ್ ಸಾಕು. ಒಂದು ಕಿಲೊಬೈಟ್‌ನ ಸ್ಕ್ರಾಚ್‌ಪ್ಯಾಡ್‌ನಲ್ಲಿ ಎಲ್ಲವೂ ಹಿಡಿಯುತ್ತವೆ. ಬ್ಯಾಟರಿ ಮುಗಿಯುತ್ತಿದೆ ಎಂದು ಎಚ್ಚರಿಸುವ ಧ್ವನಿಯ ದತ್ತಾಂಶ ಇದರ ಹತ್ತು ಪಟ್ಟು ದೊಡ್ಡದಿರಬಹುದು. ವಾರಕ್ಕೊಮ್ಮೆ ಬೇಕಾಗುವ ಅದು ದೂರದ ಮೆಮೊರಿಯಲ್ಲೇ ಇರಲಿ. ಸೀಮಿತ ಜಾಗದಲ್ಲಿ ಹೆಚ್ಚು ಲಾಭದ್ದನ್ನು ತುಂಬುವ ಈ ಆಯ್ಕೆಗೆ ಗಣಿತದಲ್ಲಿ ನ್ಯಾಪ್‌ಸ್ಯಾಕ್ ಸಮಸ್ಯೆ ಎನ್ನುತ್ತಾರೆ. ಡಾರ್ಟ್‌ಮಂಡ್ ತಂಡ ಅದೇ 2002ರಲ್ಲಿ ಈ ಆಯ್ಕೆಯನ್ನು ಕಂಪೈಲರ್‌ನೊಳಗೇ ಕೂರಿಸಿ ತೋರಿಸಿತು.

ಇವತ್ತು ಎಆರ್‌ಎಂನ ಕಾರ್ಟೆಕ್ಸ್-ಎಂ7 ಚಿಪ್‌ಗಳಲ್ಲಿ ಟಿಸಿಎಂ ಎಂಬ ಹೆಸರಿನಲ್ಲಿ ಇಂಥದ್ದೇ ಮೆಮೊರಿ ಇದೆ. ಡಿಎಸ್‌ಪಿ ಚಿಪ್‌ಗಳಲ್ಲಂತೂ ಅದು ಮಾಮೂಲು. ಹುಬ್ಬಳ್ಳಿಯ ಒಬ್ಬ ಅಧ್ಯಾಪಕಿಯ ಹೆಸರು ಜಗತ್ತಿನ ಎಂಬೆಡೆಡ್ ಪಾಠಗಳಲ್ಲಿ ಬರುತ್ತದೆ ಎಂಬುದು ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಎಷ್ಟು ಜನರಿಗೆ ಗೊತ್ತು? ಗೊತ್ತಾಗಬೇಕು. ಹೆಮ್ಮೆಗಿಂತ ಹೆಚ್ಚಾಗಿ, ಇಂಥ ಕೆಲಸ ರಾಜಧಾನಿಯಾಚೆಯ ಊರಿನ ಕಾಲೇಜಿನವರಿಗೂ ನಿಲುಕುತ್ತದೆ ಎಂಬ ಧೈರ್ಯಕ್ಕಾಗಿ.

ಕಂಪೈಲರ್ ಮಾಡುವ ಇನ್ನೊಂದು ಉಪಾಯ ನೋಡಲು ಸೊಗಸು, ಫಲ ಮಾತ್ರ ಚಿಪ್‌ನಿಂದ ಚಿಪ್‌ಗೆ ಬೇರೆ. ಚಿಪ್‌ನೊಳಗಿನ ತಂತಿ ಸೊನ್ನೆಯಿಂದ ಒಂದಕ್ಕೆ, ಒಂದರಿಂದ ಸೊನ್ನೆಗೆ ಬದಲಾದಾಗಲೇ ಹೆಚ್ಚು ಶಕ್ತಿ ಖರ್ಚಾಗುವುದು. ಏಳರಿಂದ ಎಂಟಕ್ಕೆ ಹೋಗುವಾಗ ಮಾಮೂಲಿ ದ್ವಿಮಾನದಲ್ಲಿ 0111 ಹೋಗಿ 1000 ಬರುತ್ತದೆ, ನಾಲ್ಕೂ ತಂತಿಗಳು ಮಗುಚುತ್ತವೆ. ಗ್ರೇ ಕೋಡ್‌ನಲ್ಲಿ ಯಾವ ಸಂಖ್ಯೆಯಿಂದ ಮುಂದಿನದಕ್ಕೆ ಹೋದರೂ ಮಗುಚುವುದು ಒಂದೇ ತಂತಿ. ಸೊನ್ನೆಯಿಂದ ಹದಿನೈದರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬಂದರೆ ದ್ವಿಮಾನದಲ್ಲಿ 30 ಮಗುಚಾಟ, ಗ್ರೇ ಕೋಡ್‌ನಲ್ಲಿ 16. ಸು, ತ್ಸುಯ್ ಮತ್ತು ಡೆಸ್ಪೇನ್ ಎಂಬ ಸಂಶೋಧಕರು ತೊಂಬತ್ತರ ದಶಕದಲ್ಲಿ ಮೆಮೊರಿ ವಿಳಾಸಗಳಿಗೆ ಇದನ್ನು ಬಳಸಬಹುದು ಎಂದರು. ಜೊತೆಗೆ, ಅಕ್ಕಪಕ್ಕದ ಆದೇಶಗಳ ಬಿಟ್‌ಗಳು ಆದಷ್ಟು ಹೋಲುವಂತೆ ಕಂಪೈಲರ್ ಆದೇಶಗಳ ಸಾಲನ್ನೇ ಹಿಂದುಮುಂದು ಮಾಡಬಹುದು ಎಂದೂ ಸೂಚಿಸಿದರು. ಅದಕ್ಕೆ ಅವರಿಟ್ಟ ಹೆಸರು ಕೋಲ್ಡ್ ಶೆಡ್ಯೂಲಿಂಗ್. ತಿವಾರಿ ಮತ್ತು ಸಂಗಡಿಗರು ಅಳೆದು ನೋಡಿದಾಗ 486ನಂಥ ದೊಡ್ಡ ಪ್ರೊಸೆಸರ್‌ನಲ್ಲಿ ಈ ಹಿಂದುಮುಂದಿನಿಂದ ಹೇಳಿಕೊಳ್ಳುವ ಲಾಭ ಕಾಣಲಿಲ್ಲ, ಫುಜಿತ್ಸು ಕಂಪನಿಯ ಡಿಎಸ್‌ಪಿ ಚಿಪ್‌ನಲ್ಲಿ ಚೆನ್ನಾಗಿಯೇ ಕಂಡಿತು. ಅಳೆಯದೆ ನಂಬಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು.

ವೋಲ್ಟೇಜಿನ ಕಥೆ ಬೇರೆ. ಬಿಟ್ ಮಗುಚುವ ಖರ್ಚು ವೋಲ್ಟೇಜಿನ ವರ್ಗಕ್ಕೆ ಅನುಗುಣ. ವೋಲ್ಟೇಜ್ ಅರ್ಧ ಮಾಡಿದರೆ ಖರ್ಚು ಕಾಲು ಭಾಗ, ಆದರೆ ಚಿಪ್ ನಿಧಾನವಾಗುತ್ತದೆ. ಪ್ರೊಸೆಸರ್ ಹೇಗೂ ಮೆಮೊರಿಗಾಗಿ ಕಾಯುತ್ತ ಕೂರುವ ಜಾಗಗಳನ್ನು ಕಂಪೈಲರ್ ಗುರುತಿಸಿ, ಅಲ್ಲಿ ಮಾತ್ರ ವೇಗ ಇಳಿಸಿದರೆ? ರಟ್ಗರ್ಸ್ ವಿಶ್ವವಿದ್ಯಾಲಯದ ಚುಂಗ್-ಶಿಂಗ್ ಶು ಮತ್ತು ಉಲ್ರಿಶ್ ಕ್ರೆಮರ್ 2003ರಲ್ಲಿ ನಿಜವಾದ ಲ್ಯಾಪ್‌ಟಾಪಿನ ಮೇಲೆ ಹೀಗೆ ಮಾಡಿ, ಶೇಕಡ ಐದರಷ್ಟೂ ವೇಗ ಕಳೆದುಕೊಳ್ಳದೆ ಶೇಕಡ 28ರವರೆಗೆ ಶಕ್ತಿ ಉಳಿಸಿದರು. ಸರಾಸರಿ ಉಳಿತಾಯ ಶೇಕಡ 11.

ಆದರೆ ಗುಂಡಿ ಬ್ಯಾಟರಿಯ ಮೈಕ್ರೊಕಂಟ್ರೋಲರ್‌ಗಳಲ್ಲಿ ನಿಧಾನವಾಗಿ ಮಾಡುವುದಕ್ಕಿಂತ ಬೇಗ ಮುಗಿಸಿ ಮಲಗುವುದೇ ಬಹಳ ಸಲ ಲಾಭ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಂಎಸ್‌ಪಿ430ಯಂಥ ಚಿಪ್ ಆಳನಿದ್ದೆಯಲ್ಲಿ ಒಂದು ಮೈಕ್ರೊಆಂಪ್‌ಗಿಂತ ಕಡಿಮೆ ಎಳೆಯುತ್ತದೆ, ಎಚ್ಚರದಲ್ಲಿ ಅದರ ಸಾವಿರಾರು ಪಟ್ಟು. ಕಲಬುರಗಿಯ ತೊಗರಿ ಹೊಲದಲ್ಲಿ ಮಣ್ಣಿನ ತೇವ ಅಳೆಯುವ ಒಂದು ಸೆನ್ಸರ್ ಇಟ್ಟಿದ್ದೇವೆ ಎನ್ನಿ. ನಿಮಿಷಕ್ಕೊಮ್ಮೆ ಎದ್ದು, 5 ಮಿಲಿಆಂಪ್ ಎಳೆಯುತ್ತ ಲೆಕ್ಕ ಮಾಡಿ, ಮತ್ತೆ 2 ಮೈಕ್ರೊಆಂಪ್‌ನ ನಿದ್ದೆಗೆ ಜಾರುತ್ತದೆ. ಲೆಕ್ಕಕ್ಕೆ 60 ಮಿಲಿಸೆಕೆಂಡ್ ಹಿಡಿದರೆ ಸರಾಸರಿ ಕರೆಂಟು 7 ಮೈಕ್ರೊಆಂಪ್. 220 ಮಿಲಿಆಂಪ್-ಗಂಟೆಯ ಗುಂಡಿ ಬ್ಯಾಟರಿ ಮೂರೂವರೆ ವರ್ಷ ದಾಟಬೇಕು. ಕಂಪೈಲರ್‌ಗೆ ಆಪ್ಟಿಮೈಸ್ ಮಾಡು ಎಂದು ಹೇಳದೆ ಬಿಟ್ಟು, ಅದೇ ಲೆಕ್ಕಕ್ಕೆ 180 ಮಿಲಿಸೆಕೆಂಡ್ ಹಿಡಿದರೆ ಸರಾಸರಿ 17 ಮೈಕ್ರೊಆಂಪ್, ಬ್ಯಾಟರಿ ಒಂದೂವರೆ ವರ್ಷಕ್ಕೇ ಮುಗಿಯಿತು. ಬ್ಯಾಟರಿ ತಾನೇ ಸೊರಗುವುದನ್ನು, ರೇಡಿಯೊ ಖರ್ಚನ್ನು ಇಲ್ಲಿ ಹಿಡಿದಿಲ್ಲ. ಆದರೂ ರೈತನಿಗೆ ಇದು ಎರಡು ಹಂಗಾಮುಗಳ ಅಂತರ.

ರೇಡಿಯೊ ಮಾತು ಬಂದದ್ದರಿಂದ ಇನ್ನೊಂದು ವಿಷಯ ಹೇಳಲೇಬೇಕು. ಕಂಪೈಲರ್‌ನಿಂದ ಎಲ್ಲ ಕಡೆಯೂ ಸಮನಾಗಿ ಲಾಭವಿಲ್ಲ. ಸ್ಯಾಕ್‌ನವರೇ ರೂಪಿಸಿದ ಅಪಾಯ ಸೂಚಕ ಟ್ರಾನ್ಸ್‌ಮಿಟರ್ ಮೀನುಗಾರರಿಗಾಗಿ 2010ರಿಂದ ಬಳಕೆಯಲ್ಲಿದೆ. ದೋಣಿ ಸಂಕಟದಲ್ಲಿದ್ದಾಗ ಗುಂಡಿ ಒತ್ತಿದರೆ ಸಂದೇಶ ಉಪಗ್ರಹದ ಮೂಲಕ ದಡ ಸೇರುತ್ತದೆ. ದೇಶದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಳಕೆಯಲ್ಲಿವೆ. 2024ರಲ್ಲಿ ಇಸ್ರೊ ಅದರ ಎರಡನೇ ತಲೆಮಾರನ್ನು ತಂದಿತು. ಸಂದೇಶ ತಲುಪಿತು ಎಂಬ ಮರುತ್ತರವೂ ಈಗ ದೋಣಿಗೆ ಬರುತ್ತದೆ. ಇಂಥ ಸಾಧನದಲ್ಲಿ ಬ್ಯಾಟರಿ ತಿನ್ನುವುದು ಹೆಚ್ಚಾಗಿ ರೇಡಿಯೊ, ಪ್ರೊಸೆಸರ್ ಅಲ್ಲ. ಪ್ರಜ್ಞಾನ್ ರೋವರ್‌ನಲ್ಲಿ ಚಕ್ರದ ಮೋಟಾರು, ಉಪಕರಣಗಳು, ರೇಡಿಯೊ ಎಲ್ಲಕ್ಕೂ ಪಾಲು ಬೇಕು. ಪ್ರಾಣಕ್ಕೆ ಸಂಬಂಧಿಸಿದ ಸಾಫ್ಟ್‌ವೇರ್‌ನಲ್ಲಿ ಕಂಪೈಲರ್ ತನ್ನಿಷ್ಟಕ್ಕೆ ಆದೇಶಗಳನ್ನು ಅದಲುಬದಲು ಮಾಡುವುದನ್ನು ಎಂಜಿನಿಯರುಗಳು ಬೇಕೆಂದೇ ಹತೋಟಿಯಲ್ಲಿಡುತ್ತಾರೆ, ಏಕೆಂದರೆ ಪ್ರತಿ ಆದೇಶವನ್ನೂ ಪರಿಶೀಲಿಸಿ ಸಹಿ ಹಾಕಬೇಕು. ಅದು ಸರಿಯಾದ ನಿಲುವು. ಪ್ರೊಸೆಸರ್ ಬಿಡುವಿಲ್ಲದೆ ದುಡಿಯುವ ಕಡೆ, ಅಂದರೆ ಧ್ವನಿ, ಚಿತ್ರ, ಹೃದಯ ಬಡಿತ ಸೋಸುವ ಉಪಕರಣಗಳಲ್ಲಿ, ಕಂಪೈಲರ್‌ನ ಉಳಿತಾಯ ನೇರವಾಗಿ ಬ್ಯಾಟರಿಗೆ ಸೇರುತ್ತದೆ.

ಕಂಪೈಲರ್‌ನ ಕೈ ಕಟ್ಟಿರುವ ಜಾಗಗಳೂ ಇವೆ. ಕಾರ್ಟೆಕ್ಸ್-ಎಂ4 ಚಿಪ್‌ನಲ್ಲಿ 32 ಬಿಟ್‌ನ ದಶಮಾಂಶ ಲೆಕ್ಕಕ್ಕೆ ಹಾರ್ಡ್‌ವೇರ್ ಇರಬಹುದು, 64 ಬಿಟ್‌ನದಕ್ಕೆ ಇಲ್ಲ. ಸಿ ಭಾಷೆಯಲ್ಲಿ 0.1 ಎಂದು ಬರೆದರೆ ಅದು 64 ಬಿಟ್‌ನ ಸಂಖ್ಯೆ, ಕೊನೆಗೆ ‘ಎಫ್’ ಅಕ್ಷರ ಸೇರಿಸಿದರೆ ಮಾತ್ರ 32 ಬಿಟ್. ಆ ಒಂದಕ್ಷರ ಮರೆತರೆ ಒಂದು ಆದೇಶದಲ್ಲಿ ಮುಗಿಯಬೇಕಾದ ಗುಣಾಕಾರಕ್ಕೆ ಕಂಪೈಲರ್ ಹತ್ತಾರು ಆದೇಶಗಳ ಲೈಬ್ರರಿಯನ್ನು ಕರೆಯುತ್ತದೆ. ತಾನೇ ತಿದ್ದಲು ಅದಕ್ಕೆ ಅಧಿಕಾರವಿಲ್ಲ, ತಿದ್ದಿದರೆ ಉತ್ತರದ ಕೊನೆಯ ಅಂಕಿಗಳು ಬದಲಾದಾವು. ಹಾಗೆಯೇ ಗುಂಡಿ ಒತ್ತಿದರೇ ಎಂದು ಲೂಪ್‌ನಲ್ಲಿ ಸುತ್ತುತ್ತ ಕಾಯುವ ಕೋಡ್. ಅದರ ಬದಲು ಚಿಪ್ ಮಲಗಿ, ಗುಂಡಿ ಒತ್ತಿದಾಗ ಇಂಟರಪ್ಟ್ ಎಂಬ ಎಚ್ಚರಿಸುವ ಸಂಕೇತದಿಂದ ಏಳಬಹುದು. ಪ್ರೋಗ್ರಾಂ ಬರೆದವರ ಮನಸ್ಸಿನಲ್ಲಿದ್ದದ್ದು ಬರೀ ಕಾಯುವುದೇ ಎಂದು ಕಂಪೈಲರ್‌ಗೆ ತಿಳಿಯುವ ದಾರಿಯಿಲ್ಲ. ಈ ಎರಡು ತಪ್ಪುಗಳನ್ನು ಸರಿಪಡಿಸಬೇಕಾದವರು ಮನುಷ್ಯರೇ, ಮತ್ತು ಇವು ಬಹಳಷ್ಟು ಬ್ಯಾಟರಿ ನುಂಗುವ ತಪ್ಪುಗಳು.

ಬೆಂಗಳೂರಿನಲ್ಲಿ ಈ ವಿದ್ಯೆಗೆ ಗಟ್ಟಿ ನೆಲೆ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ವೈ.ಎನ್. ಶ್ರೀಕಾಂತ್ ಮತ್ತು ದಿವಂಗತ ಪ್ರೀತಿ ಶಂಕರ್ ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿಯನ್ನು ಪರದೇಶದ ವಿಶ್ವವಿದ್ಯಾಲಯಗಳಲ್ಲೂ ಓದುತ್ತಾರೆ. 2007ರ ಅದರ ಎರಡನೇ ಆವೃತ್ತಿಯಲ್ಲಿ ಶಕ್ತಿ ಉಳಿಸುವ ಕಂಪೈಲರ್ ತಂತ್ರಗಳ ಮೇಲೆ ಶ್ರೀಕಾಂತ್ ಅವರೇ ಸಹಲೇಖಕರಾಗಿ ಬರೆದ ಅಧ್ಯಾಯವಿದೆ. ಕೆಲಸವಿಲ್ಲದೆ ಕೂತ ಲೆಕ್ಕದ ಘಟಕಗಳಿಂದಲೂ ಸೋರುವ ಕರೆಂಟನ್ನು ಕಂಪೈಲರ್ ನೆರವಿನಿಂದ ತಡೆಯುವ ಬಗೆಯನ್ನು ಅವರು ರಾಹುಲ್ ನಾಗ್ಪಾಲ್ ಜೊತೆ 2006ರಲ್ಲಿ ಪ್ರಕಟಿಸಿದ್ದರು.

ಈಗ ದೇಶ ಚಿಪ್‌ನ ಉತ್ಸಾಹದಲ್ಲಿದೆ. ಸ್ಯಾಟಲೈಟ್ ಬಡಾವಣೆಯಿಂದ ಪಶ್ಚಿಮಕ್ಕೆ ಸಾಗಿದರೆ ಸಿಗುವ ಸಾಣಂದ್‌ನಲ್ಲಿ ಮೈಕ್ರಾನ್ ಘಟಕ ಬಂದಿದೆ. ಧೋಲೇರಾದಲ್ಲಿ ಟಾಟಾದ 91,000 ಕೋಟಿ ರೂಪಾಯಿಯ ಚಿಪ್ ಕಾರ್ಖಾನೆಗೆ 2024ರ ಮಾರ್ಚ್‌ನಲ್ಲಿ ಅಡಿಗಲ್ಲು ಬಿತ್ತು. ಮದ್ರಾಸ್ ಐಐಟಿಯ ಶಕ್ತಿ, ತಿರುವನಂತಪುರದ ಸಿ-ಡ್ಯಾಕ್‌ನ ವೇಗ ಪ್ರೊಸೆಸರ್‌ಗಳಿವೆ. 2025ರ ಮಾರ್ಚ್‌ನಲ್ಲಿ ಇಸ್ರೊ ವಿಕ್ರಮ್ 3201 ಮತ್ತು ಕಲ್ಪನಾ 3201 ಎಂಬ 32 ಬಿಟ್ ಪ್ರೊಸೆಸರ್‌ಗಳನ್ನು ಪ್ರಕಟಿಸಿತು. ವಿಕ್ರಮ್‌ನ ಆದೇಶಗಳ ಸೆಟ್ ಇಸ್ರೊದ್ದೇ ಸ್ವಂತದ್ದು, ಹಾಗಾಗಿ ಅದಕ್ಕೆ ಬೇಕಾದ ಆಡಾ ಭಾಷೆಯ ಕಂಪೈಲರ್, ಅಸೆಂಬ್ಲರ್, ಲಿಂಕರ್ ಎಲ್ಲವನ್ನೂ ಅವರೇ ಬರೆಯಬೇಕಾಯಿತು. ಸಿ ಕಂಪೈಲರ್ ಇನ್ನೂ ತಯಾರಾಗುತ್ತಿದೆ ಎಂದು ಅವರೇ ಅಂದು ಹೇಳಿದ್ದರು. ಚಿಪ್ ಕಾರ್ಖಾನೆಗೆ ಸಿಗುವ ಸುದ್ದಿ, ಹಣ, ಉದ್ಘಾಟನೆ ಇವ್ಯಾವುವೂ ಕಂಪೈಲರ್ ಬರೆಯುವವರಿಗೆ ಸಿಗುವುದಿಲ್ಲ. ಆದರೆ ಕಂಪೈಲರ್ ಇಲ್ಲದ ಚಿಪ್ ಬರೀ ಸಿಲಿಕಾನ್ ಚೂರು. ಕೆಟ್ಟ ಕಂಪೈಲರ್ ಇರುವ ಚಿಪ್, ಬ್ಯಾಟರಿಯ ಮಟ್ಟಿಗೆ, ಹತ್ತು ವರ್ಷ ಹಳೆಯ ಚಿಪ್.

ಪಾಠದ ಕೋಣೆಯಲ್ಲೂ ಇದೇ ಕೊರತೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಕಂಪೈಲರ್ ಪ್ರಯೋಗಾಲಯ ಹೆಚ್ಚಾಗಿ ಲೆಕ್ಸ್, ಯಾಕ್ ಎಂಬ ಎರಡು ಸಾಧನಗಳಲ್ಲಿ ಮುಗಿಯುತ್ತದೆ. ವಾಕ್ಯ ಒಡೆದು ವ್ಯಾಕರಣ ಪರಿಶೀಲಿಸುವುದನ್ನು ಕಲಿಸಿ ನಿಲ್ಲಿಸುತ್ತೇವೆ. ರಿಜಿಸ್ಟರ್ ಹಂಚಿಕೆ, ಆದೇಶಗಳ ಆಯ್ಕೆ, ಮೆಮೊರಿ ಜೋಡಣೆ, ಅಂದರೆ ಬ್ಯಾಟರಿಯ ಹಣೆಬರಹ ಬರೆಯುವ ಭಾಗ, ಪರೀಕ್ಷೆಯ ಕೊನೆಯ ಪ್ರಶ್ನೆಗೆ ಬಾಯಿಪಾಠವಾಗಿ ಉಳಿಯುತ್ತದೆ.

ಇದನ್ನು ಬದಲಿಸಲು ದೊಡ್ಡ ಹಣ ಬೇಡ. ಕೆಲವು ನೂರು ರೂಪಾಯಿಯ ಮೈಕ್ರೊಕಂಟ್ರೋಲರ್ ಬೋರ್ಡ್, ಹತ್ತು ಓಮ್‌ನ ಒಂದು ರೆಸಿಸ್ಟರ್, ಕಾಲೇಜಿನಲ್ಲಿ ಹೇಗೂ ಇರುವ ಆಸಿಲೋಸ್ಕೋಪ್ ಸಾಕು. ಚಿಪ್‌ಗೆ ಹೋಗುವ ತಂತಿಯಲ್ಲಿ ರೆಸಿಸ್ಟರ್ ಸೇರಿಸಿ, ಅದರ ಎರಡು ತುದಿಗಳ ನಡುವಿನ ವೋಲ್ಟೇಜ್ ನೋಡಿ. 50 ಮಿಲಿವೋಲ್ಟ್ ಕಂಡರೆ 5 ಮಿಲಿಆಂಪ್ ಹರಿಯುತ್ತಿದೆ. ಮೇಲೆ ಹೇಳಿದ ಸೋಸುಗವನ್ನು ಒಮ್ಮೆ ಆಪ್ಟಿಮೈಸ್ ಮಾಡದ ಓ-ಸೊನ್ನೆ ಆಯ್ಕೆಯಲ್ಲಿ, ಒಮ್ಮೆ ವೇಗ ಹೆಚ್ಚಿಸುವ ಓ-ಎರಡರಲ್ಲಿ, ಒಮ್ಮೆ ಗಾತ್ರ ಕುಗ್ಗಿಸುವ ಓ-ಎಸ್‌ನಲ್ಲಿ ಕಂಪೈಲ್ ಮಾಡಿ ಓಡಿಸಿ. ಲೆಕ್ಕ ಶುರುವಾದಾಗ ಚಿಪ್‌ನ ಒಂದು ಪಿನ್‌ನ ವೋಲ್ಟೇಜ್ ಮೇಲೆತ್ತಿ, ಮುಗಿದಾಗ ಇಳಿಸಿದರೆ ಸಮಯವೂ ಪರದೆಯ ಮೇಲೆ ಸಿಗುತ್ತದೆ. ಮೊದಲ ಸಲ ನೋಡುವವರಿಗೆ ಒಂದು ಅಚ್ಚರಿ ಕಾದಿರಬಹುದು. ಓ-ಎರಡರಲ್ಲಿ ಕರೆಂಟು ಇಳಿಯದೆ, ಕೆಲವು ಚಿಪ್‌ಗಳಲ್ಲಿ ತುಸು ಏರುತ್ತದೆ, ಏಕೆಂದರೆ ಪ್ರೊಸೆಸರ್ ಈಗ ಕಾಯದೆ ಕೆಲಸ ಮಾಡುತ್ತಿದೆ. ಕರೆಂಟು, ವೋಲ್ಟೇಜು, ಸಮಯ ಮೂರನ್ನೂ ಗುಣಿಸಿದಾಗಲೇ ನಿಜವಾದ ಲೆಕ್ಕ ಸಿಗುವುದು. ಅದು ಕಡಿಮೆಯಾಗಿರುತ್ತದೆ.

ಬ್ರಿಸ್ಟಲ್ ವಿಶ್ವವಿದ್ಯಾಲಯದ ಜೇಮ್ಸ್ ಪಾಲಿಸ್ಟರ್, ಸೈಮನ್ ಹಾಲಿಸ್ ಮತ್ತು ಎಂಬೆಕಾಸಂ ಸಂಸ್ಥೆಯ ಜೆರೆಮಿ ಬೆನೆಟ್ ಹಲವು ಚಿಪ್‌ಗಳ ಮೇಲೆ ಜಿಸಿಸಿ ಎಂಬ ಕಂಪೈಲರ್‌ನ ಆಯ್ಕೆಗಳನ್ನೆಲ್ಲ ಹೀಗೇ ಅಳೆದು ನೋಡಿದ್ದಾರೆ. ಶಕ್ತಿಯ ಬಳಕೆ ಬಹುಮಟ್ಟಿಗೆ ಸಮಯವನ್ನೇ ಹಿಂಬಾಲಿಸುತ್ತದೆ, ಆದರೆ ಎಲ್ಲ ಚಿಪ್‌ಗೂ ಎಲ್ಲ ಪ್ರೋಗ್ರಾಮಿಗೂ ಒಪ್ಪುವ ಒಂದೇ ಆಯ್ಕೆ ಇಲ್ಲ ಎಂಬುದು ಅವರು ಕಂಡುಕೊಂಡದ್ದು. ಜಿಸಿಸಿಯಲ್ಲಿ ವೇಗಕ್ಕೆ ಒಂದು ಆಯ್ಕೆ ಇದೆ, ಗಾತ್ರಕ್ಕೆ ಒಂದಿದೆ, ಶಕ್ತಿಗೆಂದೇ ಒಂದು ಆಯ್ಕೆ ಇವತ್ತಿಗೂ ಇಲ್ಲ. ಜಿಸಿಸಿ ಮತ್ತು ಅಂಥದ್ದೇ ಇನ್ನೊಂದಾದ ಎಲ್‌ಎಲ್‌ವಿಎಂ ಎರಡೂ ಯಾರು ಬೇಕಾದರೂ ತೆರೆದು ತಿದ್ದಬಹುದಾದ ಮುಕ್ತ ತಂತ್ರಾಂಶಗಳು.

ಈ ವರ್ಷ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವ ಹುಬ್ಬಳ್ಳಿಯ, ಹಾಸನದ, ಕಲಬುರಗಿಯ ವಿದ್ಯಾರ್ಥಿಗಳು ಇಲ್ಲಿಂದ ಶುರುಮಾಡಲಿ. ಅಧ್ಯಾಪಕರಲ್ಲಿ ಕೇಳಿಕೊಳ್ಳುವುದು ಒಂದೇ: ಕಂಪೈಲರ್ ಪ್ರಯೋಗಾಲಯದ ಪ್ರತಿ ಮೇಜಿನ ಮೇಲೆ ಕಂಪ್ಯೂಟರಿನ ಪಕ್ಕದಲ್ಲಿ ಒಂದು ಕರೆಂಟ್ ಮೀಟರ್ ಇಡಿಸಿ, ಮತ್ತು ಪ್ರೋಗ್ರಾಮಿನ ಉತ್ತರದ ಜೊತೆಗೆ ಅದು ಬಳಸಿದ ಜೂಲ್‌ಗಳಿಗೂ ಅಂಕ ಕೊಡಿ.